ಬ್ಯಾಬಿಲೋನಿನ ಗೂಳಿಗೆ ಕಾಸರಗೋಡಿನ ಚೌಕಟ್ಟು

ಕಾಸರಗೋಡಿನ ಹಳೆ ಬಸ್ ನಿಲ್ದಾಣದಿಂದ ನಡೆದೇ ಹೋಗಬಹುದಾದಷ್ಟು ಹತ್ತಿರ, ಒಂದು ಕಟ್ಟಡದ ಮೊದಲ ಮಹಡಿಯಲ್ಲಿರುವ ಫೋಟೋ ಸ್ಟುಡಿಯೋದಲ್ಲಿ ಕಳೆದ ಬೇಸಗೆಯಲ್ಲಿ ನಾನು ಹದಿನಾಲ್ಕು ಹಳೆಯ ಛಾಯಾಚಿತ್ರಗಳನ್ನು ದೊಡ್ಡದಾಗಿ ಮುದ್ರಿಸಿ ಚೌಕಟ್ಟು ಹಾಕಿಸಿಕೊಂಡೆ. ಮದುವೆಯ ಆಲ್ಬಮ್, ಪಾಸ್‌ಪೋರ್ಟ್ ಫೋಟೋ, ತೀರಿಹೋದ ಹಿರಿಯರ ಭಾವಚಿತ್ರ, ಇವು ಅವರ ದಿನನಿತ್ಯದ ಕೆಲಸ. ನಾನು ಪೆನ್‌ಡ್ರೈವಿನಲ್ಲಿ ತುಂಬಿಸಿಕೊಂಡು ಹೋದದ್ದು ಇರಾಕಿನ ಪಾಳುನಗರಗಳ ಕೆತ್ತನೆಗಳನ್ನು ತೋರಿಸುವ ಹಳೆಯ ಚಿತ್ರಗಳು: ಖೊರ್ಸಾಬಾದಿನ ರೆಕ್ಕೆಯ ಗೂಳಿಗಳು, ಬ್ಯಾಬಿಲೋನಿನ ಇಷ್ತಾರ್ ದ್ವಾರದ ಇಟ್ಟಿಗೆಯ ಪ್ರಾಣಿಗಳು, ಹತ್ರಾದ ಗೋಡೆಗಳಲ್ಲಿರುವ ಮನುಷ್ಯ ಮುಖಗಳು, ಕ್ಟೆಸಿಫೋನಿನ ಮಹಾಕಮಾನು. ಇಂತಹ ಕೆಲಸವನ್ನು ಜಿಲ್ಲೆಯೊಳಗೇ ಮಾಡಿಸಬಹುದೇ ಅಥವಾ ಮಂಗಳೂರಿಗೇ ಹೋಗಬೇಕೇ ಎಂದು ಕೇಳುವ ಅಧ್ಯಾಪಕರೂ ಗ್ರಂಥಾಲಯದವರೂ ನಮ್ಮಲ್ಲಿ ಹಲವರಿದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕೆಲಸ ಚೆನ್ನಾಗಿ ಆಯಿತು, ಆದರೆ ಎರಡನೆಯ ಸಲಕ್ಕೆ ಆಯಿತು. ಮೊದಲ ಸಲ ಏನು ತಪ್ಪಿತು ಎಂಬುದನ್ನು ತಿಳಿದುಕೊಂಡು ಹೋದರೆ ನಿಮಗೆ ಎರಡನೆಯ ಸಲದ ಅಗತ್ಯ ಬೀಳಲಾರದು.

ನಾನು ಕುಂಬಳೆ ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತನಾದವನು. ಮೆಸೊಪೊಟೇಮಿಯದ ಪಾಠ ಬಂದಾಗಲೆಲ್ಲ ಪುಸ್ತಕದಲ್ಲಿ ಬೆಂಕಿಪೆಟ್ಟಿಗೆಯಷ್ಟು ಅಗಲದ ಮಸುಕು ಚಿತ್ರವೊಂದನ್ನು ತೋರಿಸಿ ಮುಂದೆ ಹೋಗಬೇಕಾಗುತ್ತಿತ್ತು. ಮಕ್ಕಳು ಅದನ್ನು ನೋಡಿದರೂ ನೋಡದಿದ್ದರೂ ವ್ಯತ್ಯಾಸವಿರಲಿಲ್ಲ. ನಿವೃತ್ತಿಯ ಮೇಲೆ ಶಾಲೆಗೆ ಏನಾದರೂ ಕೊಡಬೇಕೆನ್ನಿಸಿದಾಗ, ಗೋಡೆಯ ಮೇಲೆ ಮಕ್ಕಳ ಕಣ್ಣಿನ ಎತ್ತರಕ್ಕೆ, ಎದುರು ನಿಂತು ಬೆರಳಿಟ್ಟು ತೋರಿಸುವಷ್ಟು ದೊಡ್ಡದಾಗಿ ಈ ಚಿತ್ರಗಳಿರಬೇಕೆಂದು ತೀರ್ಮಾನಿಸಿದೆ.

ಕೆತ್ತನೆಯ ಛಾಯಾಚಿತ್ರಕ್ಕೂ ಮನುಷ್ಯರ ಛಾಯಾಚಿತ್ರಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಉಬ್ಬುಶಿಲ್ಪದಲ್ಲಿ ಬಣ್ಣವಿಲ್ಲ, ಹಿನ್ನೆಲೆಯೂ ಅದೇ ಕಲ್ಲು, ಮುನ್ನೆಲೆಯೂ ಅದೇ ಕಲ್ಲು. ಕಣ್ಣಿಗೆ ರೂಪ ಕಾಣುವುದು ನೆರಳಿನಿಂದ ಮಾತ್ರ. ನಡುಮಧ್ಯಾಹ್ನದ ಬಿಸಿಲು ನೇರವಾಗಿ ಬಿದ್ದರೆ ಶಿಲ್ಪ ಗೋಡೆಯೊಳಗೆ ಕರಗಿಹೋಗುತ್ತದೆ. ಬೆಳಗ್ಗೆಯೋ ಸಂಜೆಯೋ ಬಿಸಿಲು ಗೋಡೆಯನ್ನು ಸವರಿಕೊಂಡು ಹೋಗುವ ಹೊತ್ತಿನಲ್ಲಿ ಒಂದೊಂದು ಗುಂಗುರು ಕೂದಲೂ ಎದ್ದು ನಿಲ್ಲುತ್ತದೆ. ಮಧೂರು ದೇವಸ್ಥಾನದ ಮರದ ಕೆತ್ತನೆಗಳನ್ನು ಬೇರೆ ಬೇರೆ ಹೊತ್ತಿನಲ್ಲಿ ನೋಡಿದವರಿಗೆ ಇದು ಗೊತ್ತೇ ಇರುತ್ತದೆ. ಹಳೆಯ ಛಾಯಾಗ್ರಾಹಕರು ಭಾರದ ಪೆಟ್ಟಿಗೆ ಕ್ಯಾಮೆರಾಗಳನ್ನು ಹೊತ್ತು, ಆ ಹೊತ್ತಿಗಾಗಿ ಕಾದು ತೆಗೆದ ನೆರಳುಗಳು ಇವು. ಆದ್ದರಿಂದ ಮುದ್ರಿಸುವವರು ನೆರಳನ್ನು ಕೆಡಿಸಿದರೆ ಕೆತ್ತನೆಯನ್ನೇ ಕೆಡಿಸಿದಂತೆ.

ಸ್ಟುಡಿಯೋದಲ್ಲಿ ಮೊದಲ ಸಲ ಆದದ್ದು ಇದೇ. ಒಂದು ವಾರದ ನಂತರ ಪ್ರೂಫ್ ನೋಡಲು ಹೋದಾಗ, ಹದಿನಾಲ್ಕೂ ಚಿತ್ರಗಳು ಒಂದೇ ಹದದಲ್ಲಿ ಬೆಳ್ಳಗೆ ಹೊಳೆಯುತ್ತಿದ್ದವು. ಕಂಪ್ಯೂಟರಿನ ಮುಂದೆ ಕುಳಿತಿದ್ದ ಯುವಕ ಪ್ರತಿಯೊಂದನ್ನೂ ತನ್ನಿಂತಾನೇ ಸರಿಪಡಿಸುವ ಒಂದು ಗುಂಡಿಗೆ ಒಪ್ಪಿಸಿದ್ದ. ಮದುವೆಯ ಫೋಟೋದಲ್ಲಿ ಮುಖದ ಮೇಲೆ ನೆರಳು ಬಿದ್ದಿದ್ದರೆ ಅದನ್ನು ಎತ್ತಿ ಬೆಳಗಿಸುವುದು ಸರಿಯೇ. ಇಲ್ಲಿ ಅದೇ ಕ್ರಮದಿಂದ ರೆಕ್ಕೆಯ ಗೂಳಿಯ ಗರಿಗಳ ನಡುವಿನ ಕಪ್ಪು ಗೆರೆಗಳೆಲ್ಲ ಬೂದಿಬಣ್ಣಕ್ಕೆ ತಿರುಗಿ, ಗರಿ ಯಾವುದು ಗೋಡೆ ಯಾವುದು ಎಂದು ತಿಳಿಯದಂತಾಗಿತ್ತು.

ಅದಕ್ಕಿಂತಲೂ ದೊಡ್ಡ ತಪ್ಪು ಬ್ಯಾಬಿಲೋನಿನ ಗೂಳಿಯಲ್ಲಿ ಕಂಡಿತು. ಈ ಚಿತ್ರದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಇಷ್ತಾರ್ ದ್ವಾರವೆಂದರೆ ನಮಗೆಲ್ಲ ನೆನಪಾಗುವುದು ಬರ್ಲಿನ್ನಿನ ಪೆರ್ಗಮಾನ್ ವಸ್ತುಸಂಗ್ರಹಾಲಯದಲ್ಲಿ ಮರುಜೋಡಿಸಿರುವ ನೀಲಿ ಮೆರುಗಿನ ದ್ವಾರ. ಆದರೆ ಕ್ರಿ.ಪೂ. 605ರಿಂದ 562ರವರೆಗೆ ಆಳಿದ ಎರಡನೆಯ ನೆಬುಕಡ್‌ನೆಜರ್ ಆ ದ್ವಾರವನ್ನು ಒಂದೇ ಸಲಕ್ಕೆ ಕಟ್ಟಿಸಿ ಮುಗಿಸಲಿಲ್ಲ. ಬೀದಿಯ ಮಟ್ಟವನ್ನು ಮತ್ತೆ ಮತ್ತೆ ಏರಿಸಿದಂತೆ ಕೆಳಗಿನ ಭಾಗ ಮಣ್ಣಿನಡಿಗೆ ಹೋಯಿತು. ಮೆರುಗಿಲ್ಲದ ಬರಿ ಇಟ್ಟಿಗೆಯ ಗೂಳಿಗಳೂ ಹಾವಿನ ತಲೆಯ ಮುಷ್ಖುಷ್ಷು ಪ್ರಾಣಿಗಳೂ ಆ ಕೆಳಗಿನ ಗೋಡೆಗಳಲ್ಲಿ ಉಳಿದುಕೊಂಡವು. 1899ರಿಂದ 1917ರವರೆಗೆ ರಾಬರ್ಟ್ ಕೋಲ್ಡೆವೈ ನಡೆಸಿದ ಉತ್ಖನನದಲ್ಲಿ ಅವು ಬೆಳಕಿಗೆ ಬಂದು, ಇಂದಿಗೂ ಅಲ್ಲಿಯೇ ನಿಂತಿವೆ. ನಾನು ಕೊಟ್ಟದ್ದು ಜೆರುಸಲೇಮಿನ ಅಮೆರಿಕನ್ ಕಾಲನಿಯ ಛಾಯಾಗ್ರಾಹಕರು 1932ರಲ್ಲಿ ಇರಾಕಿಗೆ ಹೋದಾಗ ತೆಗೆದ ಚಿತ್ರ. ಆ ಸಂಗ್ರಹ ಈಗ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದ್ದು, ದೊಡ್ಡ ಅಳತೆಯ ಟಿಫ್ ಫೈಲುಗಳನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು.

ಆ ಗೂಳಿ ಪಕ್ಕದಿಂದ ಕಾಣುವಂತೆ ನಡೆಯುತ್ತಿದೆ, ಹಾಗಾಗಿ ಒಂದೇ ಕೊಂಬು ಕಾಣಿಸುತ್ತದೆ. ಅದರ ದೇಹದ ಮೇಲೆ ಅಡ್ಡಡ್ಡಲಾಗಿ ಗೆರೆಗಳಿವೆ. ಅಲ್ಲಲ್ಲಿ ಅವನ್ನು ಸಣ್ಣ ನೇರಗೆರೆಗಳು ಕತ್ತರಿಸುತ್ತವೆ. ಆ ಗೆರೆಗಳೇ ಈ ಶಿಲ್ಪದ ಜೀವಾಳ. ಏಕೆಂದರೆ ಇದು ಕಟ್ಟಿದ ಗೋಡೆಯ ಮೇಲೆ ಉಳಿಯಿಂದ ಕೆತ್ತಿದ ಗೂಳಿಯಲ್ಲ. ಪ್ರತಿ ಇಟ್ಟಿಗೆಯನ್ನೂ ಗೂಳಿಯ ಒಂದೊಂದು ತುಂಡಿನ ಅಚ್ಚಿನಲ್ಲಿ ಒತ್ತಿ, ಸುಟ್ಟು, ಆಮೇಲೆ ಸಾಲು ಸಾಲಾಗಿ ಇಟ್ಟು ಕಟ್ಟಿದ್ದಾರೆ. ಒಂದು ಇಟ್ಟಿಗೆಯಲ್ಲಿ ಮೊಣಕಾಲಿನ ಅರ್ಧ, ಅದರ ಮೇಲಿನದರಲ್ಲಿ ಉಳಿದರ್ಧ. ನಮ್ಮ ಮಕ್ಕಳಿಗೆ ಇದನ್ನು ಹೇಳುವಾಗ ನಾನು ಮಂಗಳೂರು ಹಂಚಿನ ಉದಾಹರಣೆ ಕೊಡುತ್ತೇನೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಹಂಚಿನ ಕಾರ್ಖಾನೆಯ ಅಚ್ಚುಗುರುತು ಹಳೆಯ ಮನೆಗಳ ಮಾಡಿನ ಹಂಚನ್ನು ಮಗುಚಿದರೆ ಇಂದಿಗೂ ಓದಲು ಸಿಗುವಂತೆ, ನೆಬುಕಡ್‌ನೆಜರನ ಇಟ್ಟಿಗೆಗಳಲ್ಲಿಯೂ ಅವನ ಹೆಸರನ್ನು ಮುದ್ರೆಯೊತ್ತಿದ್ದಾರೆ.

ಪ್ರೂಫಿನಲ್ಲಿ ಗೂಳಿಯ ಮೈಮೇಲೆ ಆ ಗೆರೆಗಳು ಒಂದೂ ಇರಲಿಲ್ಲ. ಗೂಳಿ ಜೇಡಿಮಣ್ಣಿನಲ್ಲಿ ಮೆತ್ತಿದ ಹಾಗೆ ನುಣ್ಣಗಾಗಿತ್ತು. ನಾನು ಕೇಳಿದಾಗ ಆ ಯುವಕ, "ಗೀರು ತುಂಬ ಇತ್ತು ಮಾಷ್ಟ್ರೇ, ಎಲ್ಲ ತೆಗೆದು ಕೊಟ್ಟಿದ್ದೇನೆ, ಎರಡು ಗಂಟೆ ಹಿಡಿಯಿತು" ಎಂದ. ಅವನ ಮಾತಿನಲ್ಲಿ ಶ್ರಮದ ಸಂತೋಷವಿತ್ತು. ಅಜ್ಜಂದಿರ ಫೋಟೋಗಳ ಮೇಲಿನ ಗೀರು, ಮಡಿಕೆ, ಗೆದ್ದಲು ತಿಂದ ಮೂಲೆಗಳನ್ನು ತುಂಬಿ ಕೊಡುವುದರಲ್ಲಿ ಅವನ ಕೈ ಪಳಗಿದೆ. ಇಟ್ಟಿಗೆಯ ಸಂದನ್ನು ಅವನು ನೆಗೆಟಿವಿನ ಗೀರು ಎಂದು ತಿಳಿದಿದ್ದ. ಅದೇ ಚಿತ್ರದ ಆಕಾಶದ ಭಾಗದಲ್ಲಿ ಗಾಜಿನ ಪ್ಲೇಟಿನ ನಿಜವಾದ ಗೀರೊಂದು ಇತ್ತು, ಅದನ್ನು ಬಿಟ್ಟುಬಿಟ್ಟಿದ್ದ.

ನಾನು ಸಿಟ್ಟಾಗಲಿಲ್ಲ, ಬೇಸರವಂತೂ ಆಯಿತು. ಮಾಲೀಕರನ್ನು ಕರೆದು, ಮೂಲ ಫೈಲನ್ನು ಪರದೆಯ ಮೇಲೆ ದೊಡ್ಡದು ಮಾಡಿಸಿ, ಗೆರೆಗಳು ಸಮಾನ ಅಂತರದಲ್ಲಿರುವುದನ್ನು, ಗೂಳಿಯ ಹೊರಗೆ ಗೋಡೆಯಲ್ಲಿಯೂ ಅವೇ ಗೆರೆಗಳು ಮುಂದುವರಿಯುವುದನ್ನು ತೋರಿಸಿದೆ. ಅವರು ಸ್ವಲ್ಪ ಹೊತ್ತು ನೋಡಿ, "ನಮ್ಮ ಮುರಕಲ್ಲಿನ ಗೋಡೆಗೆ ಗಾರೆ ಬಳಿಯದೆ ಬಿಟ್ಟ ಹಾಗೆ ಅಲ್ಲವಾ ಮಾಷ್ಟ್ರೇ?" ಎಂದರು. ಅಷ್ಟೇ ಸಾಕಾಯಿತು. ಇಡೀ ಕೆಲಸವನ್ನು ಮತ್ತೆ ಮೊದಲಿನಿಂದ ಮಾಡುವುದೆಂದು ಅವರೇ ಹೇಳಿದರು. ಹೆಚ್ಚಿನ ಹಣ ಕೇಳಲಿಲ್ಲ. ಅಂಗಡಿಯ ಬಗ್ಗೆ ನನಗೆ ವಿಶ್ವಾಸ ಹುಟ್ಟಿದ್ದು ಈ ಗಳಿಗೆಯಲ್ಲಿ. ತಪ್ಪನ್ನು ಒಪ್ಪದೆ ವಾದಿಸುವವರ ಬಳಿ ಹಿಂದೆ ಕೆಲಸ ಮಾಡಿಸಿ ನೊಂದಿದ್ದೇನೆ.

ಎರಡನೆಯ ಸುತ್ತಿನಲ್ಲಿ ನಾನೇ ಎರಡು ಮಧ್ಯಾಹ್ನ ಆ ಯುವಕನ ಪಕ್ಕದಲ್ಲಿ ಕುಳಿತೆ. ಒಂದೊಂದು ಚಿತ್ರಕ್ಕೂ ಒಂದೊಂದು ಹದ ಬೇಕಿತ್ತು, ಏಕೆಂದರೆ ಅವನ್ನು ತೆಗೆದ ವಿಧಾನವೇ ಬೇರೆ ಬೇರೆ. ಎಲ್ಲಕ್ಕಿಂತ ಹಳೆಯದು ಖೊರ್ಸಾಬಾದಿನದು. ಅಸ್ಸೀರಿಯದ ದೊರೆ ಎರಡನೆಯ ಸರ್ಗೋನನ ರಾಜಧಾನಿಯಾಗಿದ್ದ ಆ ಊರಿನಲ್ಲಿ 1843ರಲ್ಲಿ ಪೌಲ್ ಎಮಿಲ್ ಬೊತ್ತಾ ಅಗೆತ ಆರಂಭಿಸಿದಾಗ ಶಿಲ್ಪಗಳ ದಾಖಲೆಗೆ ಚಿತ್ರಕಾರ ಯೂಜೀನ್ ಫ್ಲಾಂದಾನ್ ಅವರ ಪೆನ್ಸಿಲ್ಲನ್ನೇ ನಂಬಬೇಕಾಗಿತ್ತು. 1852ರಲ್ಲಿ ಅದೇ ಜಾಗವನ್ನು ಮತ್ತೆ ಅಗೆಯಲು ಬಂದ ವಿಕ್ಟೋರ್ ಪ್ಲಾಸ್ ತನ್ನ ಜೊತೆಗೆ ಗಾಬ್ರಿಯೆಲ್ ತ್ರಾಂಶಾನ್ ಎಂಬ ಎಂಜಿನಿಯರನ ಕೈಯಲ್ಲಿ ಕ್ಯಾಮೆರಾ ಹಿಡಿಸಿದ. ಪುರಾತತ್ವದ ಅಗೆತವೊಂದನ್ನು ಕ್ಯಾಮೆರಾದಿಂದ ದಾಖಲಿಸಿದ ಅತ್ಯಂತ ಮೊದಲ ಪ್ರಯತ್ನಗಳಲ್ಲಿ ಅದೂ ಒಂದು. ತ್ರಾಂಶಾನ್ ಬಳಸಿದ್ದು ಕ್ಯಾಲೋಟೈಪ್ ವಿಧಾನ, ಅಂದರೆ ಗಾಜಿನ ಬದಲು ಕಾಗದದ ಮೇಲೆಯೇ ನೆಗೆಟಿವ್ ಮೂಡಿಸುವುದು. ಬೆಳಕು ಆ ಕಾಗದದ ನಾರುಗಳ ನಡುವಿನಿಂದ ಹಾದು ಬರುವುದರಿಂದ ಚಿತ್ರದ ಅಂಚುಗಳೆಲ್ಲ ಸ್ವಲ್ಪ ಮೃದುವಾಗಿ, ನೆರಳುಗಳು ದಟ್ಟವಾಗಿ ಬೀಳುತ್ತವೆ. ಅದನ್ನು ಯಂತ್ರದಲ್ಲಿ ಚೂಪುಗೊಳಿಸಲು ಹೋದರೆ ಚೂಪಾಗುವುದು ಕಾಗದದ ನಾರೇ ಹೊರತು ಕಲ್ಲಲ್ಲ. ಮೊದಲ ಪ್ರೂಫಿನಲ್ಲಿ ಗೂಳಿಯ ಮುಖಕ್ಕೆ ಮರಳು ಎರಚಿದಂತೆ ಕಂಡದ್ದು ಇದರಿಂದಲೇ. ಎರಡನೆಯ ಸಲ ಹಾಗೆಯೇ ಬಿಟ್ಟರು, ಚಿತ್ರ ತುಂಬ ಸೊಗಸಾಗಿ ಬಂದಿದೆ.

ಈ ಕಾಗದದ ನೆಗೆಟಿವನ್ನು ಕಂಡುಹಿಡಿದು 1841ರಲ್ಲಿ ಪೇಟೆಂಟ್ ಪಡೆದ ಹೆನ್ರಿ ಫಾಕ್ಸ್ ಟಾಲ್ಬಟ್ ಅಸ್ಸೀರಿಯದ ಬೆಣೆಲಿಪಿಯನ್ನು ಓದಿದ ವಿದ್ವಾಂಸನೂ ಹೌದು. 1857ರಲ್ಲಿ ಒಂದೇ ಶಾಸನವನ್ನು ನಾಲ್ವರಿಗೆ ಪ್ರತ್ಯೇಕವಾಗಿ ಅನುವಾದಿಸಲು ಕೊಟ್ಟು, ಅವು ಹೊಂದುತ್ತವೆಯೇ ಎಂದು ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿ ಪರೀಕ್ಷಿಸಿದಾಗ, ರಾಲಿನ್ಸನ್, ಹಿಂಕ್ಸ್, ಓಪರ್ಟ್ ಅವರೊಂದಿಗೆ ನಾಲ್ಕನೆಯವನಾಗಿ ಇದ್ದದ್ದು ಈ ಟಾಲ್ಬಟ್. ಇದನ್ನು ಹೇಳಿದಾಗ ಸ್ಟುಡಿಯೋದ ಮಾಲೀಕರಿಗೆ ಆದ ಆನಂದವನ್ನು ನೋಡಬೇಕಿತ್ತು.

ಖೊರ್ಸಾಬಾದಿನ ಚಿತ್ರವನ್ನು ಉಳಿದವುಗಳಿಗಿಂತ ಜಾಗ್ರತೆಯಿಂದ ಮಾಡಿಸಿದ್ದಕ್ಕೆ ಬೇರೊಂದು ಕಾರಣವೂ ಇದೆ. ಪ್ಲಾಸ್ ಅಗೆದು ತೆಗೆದ ಶಿಲ್ಪಗಳನ್ನು ತುಂಬಿದ್ದ ಇನ್ನೂರಕ್ಕೂ ಹೆಚ್ಚು ಪೆಟ್ಟಿಗೆಗಳು 1855ರಲ್ಲಿ ಟೈಗ್ರಿಸ್ ನದಿಯಲ್ಲಿ, ಕುರ್ನಾ ಎಂಬಲ್ಲಿ, ತೆಪ್ಪಗಳ ಮೇಲೆ ನಡೆದ ದಾಳಿಯಲ್ಲಿ ಮುಳುಗಿಹೋದವು. ಹೊರಗೆ ತೆಗೆಯಲು ಸಾಧ್ಯವಾದದ್ದು ಕೆಲವನ್ನು ಮಾತ್ರ. ನದಿಯ ತಳಕ್ಕೆ ಹೋದ ಕಲ್ಲುಗಳ ಬಗ್ಗೆ ನಮಗೆ ಗೊತ್ತಿರುವುದು ಆ ಅಗೆತದ ಚಿತ್ರಗಳಿಂದ, ರೇಖಾಚಿತ್ರಗಳಿಂದ. ದ್ವಾರದಲ್ಲಿ ಕಾವಲು ನಿಂತ ಗೂಳಿಗೆ ಮನುಷ್ಯನ ತಲೆ, ಹದ್ದಿನ ರೆಕ್ಕೆ, ಮತ್ತು ಐದು ಕಾಲು. ಎದುರಿನಿಂದ ನೋಡಿದರೆ ಎರಡು ಕಾಲುಗಳಲ್ಲಿ ನಿಂತಿದೆ, ಪಕ್ಕದಿಂದ ನೋಡಿದರೆ ನಾಲ್ಕು ಕಾಲುಗಳಲ್ಲಿ ನಡೆಯುತ್ತಿದೆ. ಶಿಲ್ಪಿ ಎರಡೂ ನೋಟಗಳನ್ನು ಪೂರ್ತಿಮಾಡಲು ಒಂದು ಕಾಲನ್ನು ಹೆಚ್ಚಿಗೆ ಕಡೆದ. ಕ್ಯಾಮೆರಾ ಓರೆಯಾಗಿ ನಿಂತಾಗ ಐದೂ ಕಾಣಿಸುತ್ತವೆ. ನೆರಳು ಸರಿಯಾಗಿ ಮುದ್ರಣವಾದರೆ ಮಾತ್ರ ಎಣಿಸಲು ಬರುತ್ತದೆ, ಮೊದಲ ಪ್ರೂಫಿನಲ್ಲಿ ನಾಲ್ಕೇ ಸಿಗುತ್ತಿದ್ದವು.

ಕ್ಟೆಸಿಫೋನಿನದು ಜೋಡಿ ಚಿತ್ರ. ಬಾಗ್ದಾದಿನ ದಕ್ಷಿಣಕ್ಕಿರುವ, ಪರ್ಶಿಯದ ಸಸಾನಿ ರಾಜವಂಶದವರ ಆ ಅರಮನೆಯ ಇಟ್ಟಿಗೆಯ ಕಮಾನು ಸುಮಾರು 25 ಮೀಟರ್ ಅಗಲ. ಅದರ ಎರಡೂ ಬದಿಗೆ ಸಾಲು ಸಾಲು ಕುರುಡು ಕಮಾನುಗಳಿಂದ, ಅಂದರೆ ತೆರಪಿಲ್ಲದೆ ಗೋಡೆಯ ಮೇಲೆಯೇ ಮೂಡಿಸಿದ ಕಮಾನುಗಳಿಂದ, ಅಲಂಕರಿಸಿದ ಗೋಡೆಗಳಿದ್ದವು. 1888ರ ಪ್ರವಾಹದಲ್ಲಿ ಉತ್ತರದ ಗೋಡೆ ಕುಸಿಯಿತು. ಅದಕ್ಕೆ ಕೆಲವೇ ವರ್ಷಗಳ ಮೊದಲು ಅಲ್ಲಿಗೆ ಹೋಗಿದ್ದ ಫ್ರೆಂಚ್ ದಂಪತಿ ಮಾರ್ಸೆಲ್ ಮತ್ತು ಜೇನ್ ದ್ಯೂಲಾಫುವಾ ಅವರ ಚಿತ್ರದಲ್ಲಿ ಎರಡೂ ಗೋಡೆಗಳು ಇಡಿಯಾಗಿ ನಿಂತಿವೆ. 1932ರ ಚಿತ್ರದಲ್ಲಿ ಬಲಗಡೆ ಬರಿ ಆಕಾಶ. ಇವೆರಡನ್ನೂ ಕಮಾನಿನ ಅಗಲ ಒಂದೇ ಆಗುವಂತೆ ಮುದ್ರಿಸಿ ಅಕ್ಕಪಕ್ಕ ತೂಗಿಸಬೇಕೆಂಬುದು ನನ್ನ ಅಪೇಕ್ಷೆ. ಮೊದಲ ಸಲ ಅವರು ಎರಡನೆಯ ಚಿತ್ರದ ಖಾಲಿ ಆಕಾಶವನ್ನು ವ್ಯರ್ಥವೆಂದು ಕತ್ತರಿಸಿ, ಕಮಾನನ್ನು ನಡುವಿಗೆ ತಂದಿದ್ದರು. ಬಿದ್ದುಹೋದ ಗೋಡೆಯ ಜಾಗವನ್ನೇ ಕತ್ತರಿಸಿದರೆ ಚಿತ್ರದಲ್ಲಿ ಉಳಿಯುವುದೇನು? ಎರಡನೆಯ ಸಲ ಆಕಾಶಕ್ಕೆ ಪೂರ್ತಿ ಜಾಗ ಬಿಟ್ಟರು.

ಹತ್ರಾದ ಮುಖಗಳು ಬ್ರಿಟಿಷ್ ಪ್ರವಾಸಿ, ಪುರಾತತ್ವಜ್ಞೆ ಗರ್ಟ್ರೂಡ್ ಬೆಲ್ 1911ರಲ್ಲಿ ಅಲ್ಲಿಗೆ ಭೇಟಿ ಕೊಟ್ಟಾಗ ತೆಗೆದವು. 2015ರಲ್ಲಿ ಉಗ್ರರು ಸುತ್ತಿಗೆಯಿಂದ ಹತ್ರಾದ ಶಿಲ್ಪಮುಖಗಳನ್ನು ಒಡೆದು ಉರುಳಿಸಿದ್ದನ್ನು ಸುದ್ದಿಯಲ್ಲಿ ನೋಡಿದ ಮೇಲೆ ಅಂತಹ ಒಂದು ಮುಖವನ್ನಾದರೂ ನಮ್ಮ ಮಕ್ಕಳು ನೋಡಬೇಕೆನ್ನಿಸಿತ್ತು. ಇವುಗಳ ಮುದ್ರಣದಲ್ಲಿ ಯಾವ ತಕರಾರೂ ಇಲ್ಲ.

ಇನ್ನು ಕಾಗದ, ಚೌಕಟ್ಟು, ದರ. ಹೊಳೆಯುವ ಕಾಗದವನ್ನು ಖಂಡಿತ ಆರಿಸಬೇಡಿ. ಶಾಲೆಯ ಕಿಟಕಿಯ ಬೆಳಕು ಅದರಲ್ಲಿ ಪ್ರತಿಫಲಿಸಿ ಕಪ್ಪು ಭಾಗವೆಲ್ಲ ಕನ್ನಡಿಯಾಗುತ್ತದೆ. ಅವರ ಬಳಿ ದಪ್ಪನೆಯ ಮ್ಯಾಟ್ ಕಾಗದವಿದೆ, ಅದರಲ್ಲಿ ಕಪ್ಪು ತಕ್ಕಮಟ್ಟಿಗೆ ಆಳವಾಗಿಯೇ ಬರುತ್ತದೆ. 12×18 ಇಂಚಿನ ಮುದ್ರಣ, ಸುತ್ತ ಬಿಳಿ ಮೌಂಟ್, ಕಪ್ಪು ಮರದ ಚೌಕಟ್ಟು ಮತ್ತು ಗಾಜು ಸೇರಿ ಒಂದಕ್ಕೆ 950 ರೂಪಾಯಿ, ಹದಿನಾಲ್ಕಕ್ಕೆ 13,300 ರೂಪಾಯಿ ಆಯಿತು. ಮಂಗಳೂರಿನಲ್ಲಿ ವಿಚಾರಿಸಿದಾಗ ಹೇಳಿದ ದರ ಇದಕ್ಕಿಂತ ಹೆಚ್ಚಿತ್ತು, ಅಲ್ಲಿಂದ ಗಾಜಿನ ಚೌಕಟ್ಟುಗಳನ್ನು ಬಸ್ಸಿನಲ್ಲಿ ತರುವ ಕಷ್ಟ ಬೇರೆ. ನಮ್ಮ ಮಳೆಗಾಲಕ್ಕೆ ಮುಖ್ಯವಾದದ್ದು ಚೌಕಟ್ಟಿನ ಹಿಂಭಾಗ. ಸಾಮಾನ್ಯವಾಗಿ ಹಾಕುವ ತೆಳುವಾದ ರಟ್ಟು ಜೂನ್ ಕಳೆಯುವಷ್ಟರಲ್ಲಿ ತೇವ ಹೀರಿ, ಆಗಸ್ಟಿನಲ್ಲಿ ಚಿತ್ರದ ಮೇಲೆ ಬೂಷ್ಟು ಏಳುತ್ತದೆ. ತೇವ ಹೀರದ ಪ್ಲಾಸ್ಟಿಕ್ ಹಲಗೆ ಹಾಕಿ ಅಂಚಿಗೆ ಟೇಪು ಸುತ್ತಿಕೊಡಿ ಎಂದು ನಾನು ಕೇಳಿದ್ದೆ. ಹನ್ನೆರಡಕ್ಕೆ ಹಾಗೆಯೇ ಮಾಡಿದ್ದರು, ಎರಡಕ್ಕೆ ಮಾತ್ರ ಹಳೆಯ ರಟ್ಟೇ ಹಾಕಿದ್ದರು. ಮಳೆಗಾಲ ಮುಗಿದ ಮೇಲೆ ತೆಗೆದು ನೋಡಿದಾಗ ಆ ಎರಡರ ಅಂಚಿನಲ್ಲಿ ಬಿಳಿ ಚುಕ್ಕೆಗಳು ಕಂಡವು. ಹೇಳಿದ ಮರುದಿನವೇ ಬದಲಾಯಿಸಿ ಕೊಟ್ಟರು. ಆದರೂ ಮನೆಗೆ ತರುವ ಮೊದಲು ಪ್ರತಿಯೊಂದನ್ನೂ ಮಗುಚಿ ನೋಡುವುದು ಒಳ್ಳೆಯದು.

ಕನ್ನಡ ಬರಹದ ವಿಷಯದಲ್ಲಿ ನನಗೆ ನಿಜವಾಗಿ ಅಸಮಾಧಾನವಿದೆ. ಪ್ರತಿ ಚಿತ್ರದ ಕೆಳಗೆ ಎರಡು ಸಾಲಿನ ವಿವರಣೆಯನ್ನು ನಾನೇ ಟೈಪು ಮಾಡಿ ಕೊಟ್ಟಿದ್ದೆ. ಅವರ ಕಂಪ್ಯೂಟರಿನಲ್ಲಿ ಅದನ್ನು ಇನ್ನೊಂದು ಫಾಂಟಿಗೆ ಬದಲಿಸುವಾಗ ಒತ್ತಕ್ಷರಗಳೆಲ್ಲ ಕಳಚಿಹೋಗಿ, ಕ್ಟೆಸಿಫೋನ್ ಎಂಬ ಹೆಸರನ್ನು ಓದುವುದೇ ಅಸಾಧ್ಯವಾಗಿತ್ತು, ಉಬ್ಬುಶಿಲ್ಪದ ಎರಡನೆಯ ಬಕಾರ ಪಕ್ಕಕ್ಕೆ ಜಾರಿತ್ತು. ಮಲಯಾಳದ ಬರಹ ತಪ್ಪಿಲ್ಲದೆ ಬರುವ ಅದೇ ಯಂತ್ರದಲ್ಲಿ ಕನ್ನಡ ಹೀಗಾಗುವುದು ನಮ್ಮ ಜಿಲ್ಲೆಯಲ್ಲಿ ಹೊಸದಲ್ಲ. ಆಮಂತ್ರಣ ಪತ್ರಿಕೆಗಳಲ್ಲಿ, ಬ್ಯಾನರುಗಳಲ್ಲಿ ದಿನಾ ನೋಡುತ್ತೇವೆ. ಗೋವಿಂದ ಪೈಗಳ ಮಂಜೇಶ್ವರವಿರುವ ಜಿಲ್ಲೆಯಲ್ಲಿ ಕನ್ನಡದ ಒಂದು ಒತ್ತಕ್ಷರ ಸರಿಯಾಗಿ ಮುದ್ರಣವಾಗುವುದಕ್ಕೆ ಮೂರು ಸಲ ಹೋಗಬೇಕಾಗಿ ಬಂದದ್ದು ನನಗೆ ನೋವುಂಟುಮಾಡಿತು. ಕೊನೆಗೆ ವಿವರಣೆಗಳನ್ನು ಮನೆಯಲ್ಲಿಯೇ ಚಿತ್ರರೂಪದ ಫೈಲಾಗಿಸಿ ಕೊಟ್ಟೆ, ಹಾಗೆ ಮಾಡಿದ ಮೇಲೆ ತಪ್ಪಾಗಲಿಲ್ಲ. ನೀವೂ ಆರಂಭದಲ್ಲಿಯೇ ಹಾಗೆ ಮಾಡಿಕೊಂಡು ಹೋಗಿ. ಯುನಿಕೋಡ್ ಅನ್ನು ಸರಿಯಾಗಿ ತೆಗೆದುಕೊಳ್ಳುವ ತಂತ್ರಾಂಶವನ್ನು ಮಾಲೀಕರು ಶೀಘ್ರದಲ್ಲಿ ಹಾಕಿಸಬೇಕೆಂಬುದು ನನ್ನ ಒತ್ತಾಯ, ಅದನ್ನು ಅವರಿಗೂ ಹೇಳಿದ್ದೇನೆ.

ಒಟ್ಟು ಕೆಲಸಕ್ಕೆ ಐದು ವಾರ ಹಿಡಿಯಿತು. ಚಿತ್ರಗಳು ಈಗ ಶಾಲೆಯ ಉದ್ದನೆಯ ಜಗಲಿಯ ಒಳಗೋಡೆಯಲ್ಲಿವೆ. ತೂಗುಹಾಕಿದ ದಿನ ಏಳನೆಯ ತರಗತಿಯ ಹುಡುಗಿಯೊಬ್ಬಳು ಬ್ಯಾಬಿಲೋನಿನ ಗೂಳಿಯ ಎದುರು ತುಂಬ ಹೊತ್ತು ನಿಂತು, ಅದರ ಹೊಟ್ಟೆಯಿಂದ ಬೆನ್ನಿನವರೆಗೆ ಎಷ್ಟು ಸಾಲು ಇಟ್ಟಿಗೆ ಇವೆ ಎಂದು ಬೆರಳಿನಿಂದ ಎಣಿಸುತ್ತಿದ್ದಳು. ಗಾಜಿನ ಮೇಲೆ ಅವಳ ಬೆರಳಿನ ಗುರುತುಗಳು ಮೂಡಿದ್ದವು.

ಅಂಗಡಿಗೆ ಹೋಗುವವರು ಮೂಲ ಫೈಲನ್ನೇ ಒಯ್ಯಿರಿ, ವಾಟ್ಸಾಪಿನಲ್ಲಿ ಬಂದ ಪ್ರತಿಯನ್ನು ಕೊಡಬೇಡಿ. ತನ್ನಿಂತಾನೇ ಸರಿಪಡಿಸುವ ಗುಂಡಿಯನ್ನು ಒತ್ತಬಾರದೆಂದು, ಕೇಳದೆ ಯಾವ ಗೆರೆಯನ್ನೂ ಅಳಿಸಬಾರದೆಂದು, ಚಿತ್ರದ ಅಂಚು ಕತ್ತರಿಸಬಾರದೆಂದು ಮೊದಲೇ ಬರೆದು ಕೊಡಿ. ಮಧ್ಯಾಹ್ನ ಮೂರರಿಂದ ಐದರವರೆಗೆ ಅಲ್ಲಿ ಜನ ಕಡಿಮೆ, ಪಕ್ಕದಲ್ಲಿ ಕುಳಿತು ಹದ ನೋಡಲು ಅದೇ ಒಳ್ಳೆಯ ಹೊತ್ತು. 1856ರ ಸುಮಾರಿಗೆ, ಅಂದರೆ ಖೊರ್ಸಾಬಾದಿನ ಚಿತ್ರಗಳು ಬಂದ ಕಾಲದಲ್ಲಿಯೇ, ರಿಚರ್ಡ್ ಬ್ಯಾನರ್ ಓಕ್ಲಿ ಹಳೇಬೀಡಿನ ದೇವಾಲಯದ ಗೋಡೆಗಳನ್ನು ಕ್ಯಾಮೆರಾದಲ್ಲಿ ಹಿಡಿದಿದ್ದ. ಮುಂದಿನ ಬೇಸಗೆಯಲ್ಲಿ ಆ ಸಾಲಿನ ಕೆಲವು ಚಿತ್ರಗಳನ್ನು ಇದೇ ಸ್ಟುಡಿಯೋಗೆ ಕೊಡಲಿದ್ದೇನೆ.